ಮಾವನವರ ಶುಂಠಿ ಕಷಾಯ

ಬಮ್ಮಿಗಟ್ಟಿಯಿಂದ ಮೊರಬಕ್ಕೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ತವರಿನಲ್ಲಿ ಅನ್ನದ ಊಟ, ಇಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ. ನಾನು ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಗಂಡ ಸಂಶಿಯಲ್ಲಿ ಮಾಸ್ತರರು. ವಾರವೆಲ್ಲ ಅಲ್ಲೇ ಇದ್ದು ಶನಿವಾರದ ಬಸ್ಸಿಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ.

ಮಾವ ನನ್ನ ಮುಖ ನೋಡಿ ಮಾತಾಡಿದ್ದು ಕಡಿಮೆ. ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮಿ, "ಹೊಲಕ್ಕ ಹೊಂಟೀನಿ" ಅನ್ನುತ್ತಿದ್ದರು. ನಾನು ಒಳಗಿನಿಂದ "ಹೂಂನ್ರಿ" ಅನ್ನುತ್ತಿದ್ದೆ. ಅಷ್ಟರಲ್ಲಿ ನಮ್ಮ ದಿನದ ಮಾತು ಮುಗಿಯುತ್ತಿತ್ತು.

ಬಸಿರು ನಿಂತದ್ದು ಗಂಡನಿಗೆ ಮಾತ್ರ ಹೇಳಿದ್ದೆ. ಎರಡು ತಿಂಗಳು ದಾಟುತ್ತಿದ್ದಂತೆ ಹೊಟ್ಟೆ ತೊಳಸುವುದು ಶುರುವಾಯಿತು. ಹಂಚಿನ ಮೇಲೆ ರೊಟ್ಟಿ ಬೇಯುವ ವಾಸನೆಗೆ ಹಿತ್ತಲಿಗೆ ಓಡುತ್ತಿದ್ದೆ. ಒಗ್ಗರಣೆಯಂತೂ ದೂರವೇ ಉಳಿಯಿತು. ಚಹಾ ಕುದಿಯುವುದು ಕೇಳಿದರೂ ಬಾಯಲ್ಲಿ ನೀರೂರಿ ವಾಂತಿ ಬರುತ್ತಿತ್ತು. ಮಾವನಿಗೆ ಗೊತ್ತಾಗಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು ವಾಂತಿ ಮಾಡುತ್ತಿದ್ದೆ. ಮೂರು ದಿನ ತುತ್ತು ಒಳಗೆ ಹೋಗಲಿಲ್ಲ. ಅವ್ವನ ನೆನಪಾಗಿ ಅಳು ಬರುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಎದ್ದಾಗ ಮನೆಯಲ್ಲೆಲ್ಲ ಹತ್ತಿಕಟ್ಟಿಗೆಯ ಹೊಗೆ. ಹೋಗಿ ನೋಡಿದರೆ ಮಾವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸ್ನಾನ, ಪೂಜೆ ಮುಗಿದಿತ್ತು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಸಣ್ಣ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಆ ಮನೆಯ ಗಂಡಸು ಒಲೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ನೀವ್ಯಾಕ್ರಿ ಮಾವಾರ, ನಾ ಮಾಡ್ತೀನ್ರಿ," ಅಂದೆ.

"ನೀ ಒಲಿ ಮುಂದ ಕುಂತ್ರ ಮತ್ತ ವಾಂತಿ ಬರ್ತದ. ಪಡಸಾಲ್ಯಾಗ ಗಾಳಿಗೆ ಕೂಡು ಹೋಗು ಯವ್ವಾ."

ನಾಚಿಕೆಯಿಂದ ನೆಲ ನೋಡುತ್ತ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ಲೋಟ ತಂದು ನನ್ನಿಂದ ಮಾರು ದೂರದಲ್ಲಿ ಇಟ್ಟರು. ಜಜ್ಜಿದ ಶುಂಠಿ, ಹುರಿದ ಹವೀಜ, ಬೆಲ್ಲ. ಹವೀಜವೆಂದರೆ ಕೊತ್ತಂಬರಿ ಕಾಳು.

"ನಿಮ್ಮತ್ತಿಗೂ ಹಿಂಗ ಆಗ್ತಿತ್ತು," ಅಂದರು, ಅಂಗಳದ ಕಡೆ ಮುಖ ಮಾಡಿ. "ಮದಲ ಎರಡ ಸರ್ತೆ ನಮ್ಮವ್ವ ಮಾಡಿ ಕೊಟ್ಟಿದ್ಲು. ಮೂರನೇದಕ್ಕ ಆಕಿಗೆ ಕಣ್ಣು ಕಾಣ್ತಿರಲಿಲ್ಲ. ಆಕಿ ಕುಂತು ಹೇಳಿದ್ಲು, ನಾ ಮಾಡಿದೆ."

ಎರಡು ಗುಟುಕು ಕುಡಿದೆ. ಮೂರನೆಯದಕ್ಕೆ ಹಿತ್ತಲಿಗೆ ಓಡಿದೆ. ತಿರುಗಿ ಬಂದಾಗ ಮಾವ ಲೋಟ ಹಿಡಿದು ಬಗ್ಗಿ ನೋಡುತ್ತಿದ್ದರು. "ಬೆಲ್ಲ ಜಾಸ್ತಿ ಆತು," ಅಂದರು.

ಮರುದಿನ ಬೆಲ್ಲ ಬಿಟ್ಟು ಲಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿದ್ದರು. ಬಿಸಿ ಇಳಿದ ಮೇಲೆ ಒಂದೊಂದೇ ಗುಟುಕು ಕುಡಿಯಲು ಹೇಳಿದರು. ಆ ದಿನ ಅದು ಹೊಟ್ಟೆಯಲ್ಲಿ ನಿಂತಿತು. ಮಧ್ಯಾಹ್ನ ಒಂದು ಹಿಡಿ ಮಜ್ಜಿಗೆ ಅನ್ನ ಉಂಡೆ. ಸಂಜೆ ಹೊಲದಿಂದ ಬಂದವರು ಎತ್ತು ಕಟ್ಟುವ ಮೊದಲೇ, "ನಿಂತ್ತೇನು?" ಎಂದು ಕೇಳಿದರು.

ಅದೇ ವಾರ ನರ್ಸಬಾಯಿ ಓಣಿಗೆ ಬಂದಾಗ ಮಾವನೇ ಹೋಗಿ ಕರೆತಂದರು. ಕಷಾಯದ ವಿಷಯ ಕೇಳಿ ಆಕೆ ನಕ್ಕಳು. "ಶುಂಠಿ ಸ್ವಲ್ಪ ನಡೀತದ್ರಿ ಅಜ್ಜಾರ. ಬ್ಯಾರೆ ಬೇರು-ಗೀರು ಏನೂ ಹಾಕಬ್ಯಾಡ್ರಿ. ನೀರು ಸುದ್ದಾ ನಿಲ್ಲಲಿಲ್ಲಂದ್ರ ತಡಾ ಮಾಡ್ದ ನವಲಗುಂದ ದವಾಖಾನಿಗೆ ಕರಕೊಂಡು ಬರ್ರಿ." ಮಾವ ಶಾಲೆಯ ಹುಡುಗನ ಹಾಗೆ ತಲೆ ಅಲ್ಲಾಡಿಸಿದರು.

ಕೆರೆಗೆ ನೀರಿಗೆ ಹೋದಾಗ ಬಾಜೂಮನೆಯ ಕಾಕಿ ಎಲ್ಲರಿಗೂ ಕೇಳುವಂತೆ, "ನಿನಗೇನವಾ, ಮಾವನ ಕೈಲೆ ಚಾ ಮಾಡಿಸಿಕೊಂಡು ಕುಡೀತಿ," ಅಂದಳು. ಮುಖ ಕೆಂಪಾಯಿತು. ಮನೆಗೆ ಬಂದು, "ನಾಳಿಂದ ಬ್ಯಾಡ್ರಿ ಮಾವಾರ, ಮಂದಿ ಆಡಿಕೊಳ್ತಾರ್ರಿ," ಅಂದೆ.

"ವಾಂತಿ ನಿನಗ ಬರ್ತದೋ, ಮಂದಿಗೆ ಬರ್ತದೋ?" ಅಂದು ಹಗ್ಗ ಹೊಸೆಯುತ್ತ ಕೂತರು.

ಮರುದಿನ ಅವರಿಗಿಂತ ಮೊದಲೆದ್ದು ನಾನೇ ಒಲೆ ಹೊತ್ತಿಸಿದೆ. ಹವೀಜ ಹುರಿಯುವಷ್ಟರಲ್ಲಿ ತಲೆ ತಿರುಗಿ ಗೋಡೆಗೆ ಒರಗಿದೆ. ಮಾವ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಅಲ್ಲಿಂದ ಐದನೆಯ ತಿಂಗಳವರೆಗೆ ನಾನು ಬೇಡವೆನ್ನಲಿಲ್ಲ. ಶನಿವಾರ ಬಂದ ಗಂಡ, ಭಾನುವಾರ ಬೆಳಿಗ್ಗೆ ಅಪ್ಪ ಶುಂಠಿ ಜಜ್ಜುವುದನ್ನು ಕಂಡು ಏನು ಮಾಡಬೇಕೆಂದು ತಿಳಿಯದೆ ಕಟ್ಟಿಗೆ ತಂದುಹಾಕಿದರು.

ಮೊದಲನೆಯವಳು ತವರಿನಲ್ಲಿ ಹುಟ್ಟಿದಳು. ಅದಾಗಿ ಎರಡು ವರ್ಷಕ್ಕೆ ಮತ್ತೆ ಬಸಿರಾದೆ. ಈ ಸಲ ಮಾವನಿಗೆ ನಾನೇ ಹೇಳಿದೆ. ಮರುದಿನವೇ ಅಣ್ಣಿಗೇರಿಗೆ ಹೋಗಿ ಶುಂಠಿ, ಲಿಂಬೆಹಣ್ಣು ತಂದಿಟ್ಟರು. ಆದರೆ ಈ ಬಸಿರಿನಲ್ಲಿ ನನಗೆ ಯಾವ ತೊಂದರೆಯೂ ಇರಲಿಲ್ಲ. ರೊಟ್ಟಿಯೂ ಸೇರುತ್ತಿತ್ತು, ಒಗ್ಗರಣೆಯೂ ಸೇರುತ್ತಿತ್ತು.

ಮಾವ ಬೆಳಿಗ್ಗೆ ಬಂದು ಕೇಳುತ್ತಿದ್ದರು, "ಹೊಟ್ಟಿ ಹ್ಯಾಂಗದ?"

"ಏನೂ ಇಲ್ರಿ, ಆರಾಮ ಅದೀನ್ರಿ."

"ಛಲೋ ಆತು ಬಿಡು," ಅನ್ನುತ್ತಿದ್ದರು. ಆದರೂ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

ಹೀಗೆ ಹದಿನೈದು ದಿನವಾಗಿರಬಹುದು. ಬುಟ್ಟಿಯಲ್ಲಿ ಶುಂಠಿ ಬಾಡುತ್ತಿತ್ತು. ಒಂದು ಬೆಳಿಗ್ಗೆ ಅವರು ಕೇಳಿದಾಗ ಯಾಕೋ, "ಇವತ್ತ ಸ್ವಲ್ಪ ತೊಳಸಿದಂಗ ಆಗೇದ್ರಿ," ಅಂದುಬಿಟ್ಟೆ.

"ಹೌದ?" ಅಂದವರೇ ರುಮಾಲು ತೆಗೆದಿಟ್ಟು ಒಲೆಯ ಮುಂದೆ ಕೂತರು. ಮಗಳು ಓಡಿಹೋಗಿ ಅವರ ಬೆನ್ನಿಗೆ ಒರಗಿ ನಿಂತಳು. ಕಷಾಯ ಸೋಸುವಾಗ ನಾನು ಇನ್ನೊಂದು ಲೋಟ ಮುಂದಿಟ್ಟೆ. "ನೀವೂ ತಗೋರಿ ಮಾವಾರ," ಅಂದೆ. ಅವರು ಬೇಡವೆನ್ನಲಿಲ್ಲ.