ಅರ್ಧ ಕುರ್ಚಿಯ ಬಾರಿನಲ್ಲಿ ಸೋಡಾ ಕೇಳಿದವನು

ಮೋತಿ ಡೊಂಗರ್ ಗುಡ್ಡದ ಬುಡದಲ್ಲಿ ಒಂದು ಸಣ್ಣ ಬಾರು. ಅಲ್ಲಿ ಗ್ಲಾಸು ತೊಳೆದು, ಟೇಬಲ್ ಒರೆಸಿ, ಕುಡಿದವರನ್ನು ಅವರವರ ಮನೆಯ ದಿಕ್ಕಿಗೆ ತಿರುಗಿಸಿ ನಿಲ್ಲಿಸುವವನು ಕರೆಪ್ಪ. ಹುಟ್ಟಿದ್ದು ಬಾದಾಮಿಯ ಕಡೆ, ಮುದುಕನಾಗುತ್ತಿರುವುದು ಗೋವಾದ ಈ ಮಡಗಾವಿನಲ್ಲಿ. ಅವನ ಸಂಶಯ ಎಂಥದೆಂದರೆ, ಮಲಗಿದಾಗ ಒಂದು ಕಣ್ಣು ಇನ್ನೊಂದನ್ನು ಕಾಯುತ್ತಿತ್ತು. ಎಳನೀರು ಕೊಂಡರೆ ಕಾಯಿ ಅಲುಗಾಡಿಸಿ, ಮೊದಲೇ ಯಾರಾದರೂ ಕುಡಿದಿದ್ದಾರೆಯೇ ಎಂದು ವಿಚಾರಿಸುತ್ತಿದ್ದ. ಇಷ್ಟು ವರ್ಷ ಬಾರಿನಲ್ಲಿದ್ದೂ ಒಂದು ಹನಿ ಬಾಯಿಗೆ ಹಾಕಿರಲಿಲ್ಲ. ಕುಡಿದರೆ ಬಾಯಿ ಸಡಿಲವಾಗುತ್ತದೆ, ಪಕ್ಕದವನು ಅದನ್ನು ಕೇಳಿಸಿಕೊಳ್ಳುತ್ತಾನೆ ಎಂಬ ಭಯ.

ಕೊರೊನಾ ಬಂದ ಮೇಲೆ ಲೋಕವೆಲ್ಲ ಕರೆಪ್ಪನಂತೆಯೇ ಬದುಕತೊಡಗಿತು. ಒಬ್ಬ ಕೆಮ್ಮಿದರೆ ಇಡೀ ಓಣಿ ಕಿಟಕಿ ಹಾಕಿಕೊಳ್ಳುತ್ತಿತ್ತು. ಮುಚ್ಚಿದ್ದ ಬಾರುಗಳು ಮತ್ತೆ ತೆರೆದಾಗ ಅವುಗಳ ಜೊತೆ ನಿಯಮಗಳೂ ಬಂದವು. ಅರ್ಧ ಕುರ್ಚಿ ಖಾಲಿ ಇರಬೇಕು, ಬಾಗಿಲಲ್ಲೇ ಹಣೆಗೆ ಪಿಸ್ತೂಲು ಹಿಡಿದು ಜ್ವರ ನೋಡಬೇಕು, ಕೂತವರು ಮಾಸ್ಕು ಇಳಿಸಬಹುದು, ಎದ್ದವರು ಏರಿಸಬೇಕು, ಸಂಜೆಗೇ ಬಾಗಿಲು ಹಾಕಬೇಕು.

"ಕುಂತ್ರ ಬರೂದಿಲ್ಲ, ನಿಂತ್ರ ಬರ್ತೈತಿ. ಇದೇನ ರೋಗೋ, ಬಸ್ ಕಂಡಕ್ಟರೋ?" ಎಂದು ಗೋಡೆ ಕಟ್ಟುವ ಗೌಂಡಿ ಮಾಂತೇಶ ದಿನಾ ಕೇಳುತ್ತಿದ್ದ.

"ರೂಲು ಚಲೋನ ಐತಿ ಬಿಡು," ಎನ್ನುತ್ತಿದ್ದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಹೊರುವ ಗಣಪ್ಪ. "ಮೊದಲ ನಿನ್ನ ಕಾಲು ನನ್ನ ಪ್ಲೇಟಿನ್ಯಾಗ ಇರ್ತಿತ್ತು."

ಬಾಗಿಲ ಬಳಿ ಕುದಿಸಿದ ತತ್ತಿ ಮಾರುವ ಭೂರಿಬಾಯಿಯದು ಬೇರೆಯೇ ಮತ. "ಇನ್ನೂ ಹತ್ತ ವರ್ಷ ಇರ್ಲಿ ಈ ರೂಲು. ನನ್ನ ಗಂಡ ಬೆಳಕಿದ್ದಾಗ ಮನಿಗೆ ಬಂದು, ಮನಿ ಹೆಂಗೈತಿ ಅಂತ ಈಗ ನೋಡ್ಯಾನ!"

ಕರೆಪ್ಪ ಮಾತ್ರ ಯಾವ ಮತವನ್ನೂ ಹೇಳುತ್ತಿರಲಿಲ್ಲ. ಅವನ ತಲೆಯಲ್ಲಿ ಬೇರೆ ಚಿಂತೆಯಿತ್ತು. ಮಗಳು ಕೀರ್ತಿಗೆ ಗೋವಾದ್ದೇ ಇನ್ನೊಂದು ಊರಾದ ಡಿಚೋಲಿಯಿಂದ ಸಂಬಂಧ ಬಂದಿತ್ತು. ಹುಡುಗ ಈರೇಶ, ಅವರದು ಧಾರವಾಡದ ಕಡೆಯ ಮನೆತನ, ಡಿಚೋಲಿಯಲ್ಲಿ ಸ್ವಂತ ಪಾತ್ರೆ-ಭಾಂಡೆ ಅಂಗಡಿ. ಹುಡುಗಿಯ ಫೋಟೋ ಒಪ್ಪಿಗೆಯಾಗಿತ್ತು. "ಅಪ್ಪ ಬಾರಿನ್ಯಾಗ ಅದಾನಂತ. ಮನಿತನ ವಿಚಾರ್ಸಿ ಹೇಳ್ತೇವಿ" ಎಂದು ಹುಡುಗನ ಅಪ್ಪ ಠಾಕಪ್ಪ ಹೇಳಿ ಕಳಿಸಿದ್ದ. ಕೊರೊನಾ ಕಾಟದಲ್ಲಿ ಎರಡೂ ಮನೆಯವರು ಇನ್ನೂ ಮುಖ ನೋಡಿರಲಿಲ್ಲ. ವಿಚಾರಿಸಲು ಬರುವವರು ಓಣಿಗೇ ಬರುತ್ತಾರೆಂದು ಕರೆಪ್ಪನ ಹೆಂಡತಿ ನೀಲವ್ವ ಅಕ್ಕಪಕ್ಕದವರಿಗೆಲ್ಲ ಅವಲಕ್ಕಿ, ಚಹಾ ಕೊಟ್ಟು ಕೊಟ್ಟು ಓಣಿಯ ನಾಯಿಗೂ ಸಕ್ಕರೆ ಕಾಯಿಲೆ ತರಿಸಿದ್ದಳು. ವಿಭೂತಿ ಹಚ್ಚುವ ಬೀಗರು ಬಾರಿನೊಳಗೇ ಕಾಲಿಡುತ್ತಾರೆಂದು ಯಾರು ತಾನೇ ಎಣಿಸಬೇಕು?

ಒಂದು ಮಧ್ಯಾಹ್ನ ಹೊಸಬನೊಬ್ಬ ಬಂದ. ಟೋಪಿ ಹುಬ್ಬಿನವರೆಗೆ ಇಳಿದಿತ್ತು, ಮಾಸ್ಕು ಕಣ್ಣಿನವರೆಗೆ ಏರಿತ್ತು. ಮೂಲೆಯ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತು, "ಒಂದ ಸೋಡಾ" ಎಂದ.

"ಸೋಡಾ ಅಷ್ಟಽ?" ಎಂದ ಕರೆಪ್ಪ.

"ಅಷ್ಟಽ."

ಬಾರಿಗೆ ಬಂದು ಬರೀ ಸೋಡಾ ಕುಡಿಯುವವನು ಒಂದೋ ಡಾಕ್ಟರು ಹೆದರಿಸಿದವನು, ಇಲ್ಲವೇ ಸರಕಾರದವನು. ಹೊಸಬನ ಹೊಟ್ಟೆ ನೋಡಿದರೆ ಡಾಕ್ಟರಿಗೆ ಹೆದರಿದಂತಿರಲಿಲ್ಲ. ಕರೆಪ್ಪ ಕಣ್ಣು ಮಿಟುಕಿಸಿದ. ಆ ಮಿಟುಕು ಟೇಬಲಿನಿಂದ ಟೇಬಲಿಗೆ ಕೊರೊನಾಕ್ಕಿಂತ ವೇಗವಾಗಿ ಹಬ್ಬಿತು.

"ಈ ರೂಲು ಎಲ್ಲಾ ನಿಮಗ ತ್ರಾಸ ಆಗೂದಿಲ್ಲೇನ್ರಿ?" ಎಂದು ಹೊಸಬ ಮಾತಿಗೆಳೆದ.

"ತ್ರಾಸ? ಛೇ ಛೇ ಸಾಹೇಬ್ರ!" ಎಂದ ಮಾಂತೇಶ. "ನಾ ಅಂತೂ ಮನ್ಯಾಗೂ ಒಂದ ಕುರ್ಚಿ ಬಿಟ್ಟ ಒಂದ ಕುರ್ಚಿ ಕುಂಡ್ರತೇನಿ."

"ನಾ ಕನಸಿನ್ಯಾಗೂ ಮಾಸ್ಕ ತಗಿಯೂದಿಲ್ರಿ," ಎಂದ ಗಣಪ್ಪ.

ಬಾಗಿಲಿಂದಲೇ ಭೂರಿಬಾಯಿ ಸೇರಿಸಿದಳು: "ಇಲ್ಲಿ ಯಾರೂ ಕುಡ್ಯಾಕ ಬರೂದಿಲ್ರಿ. ನನ್ನ ತತ್ತಿ ತಿನ್ನಾಕ ಬರ್ತಾರ."

ಹೊಸಬ ಮಾಸ್ಕಿನ ಅಡಿಯಿಂದಲೇ ಸೋಡಾ ಹೀರಿ, ತಲೆಯಾಡಿಸಿ ದನಿ ತಗ್ಗಿಸಿದ. "ಈ ಕರೆಪ್ಪ ಕುಡಿತಾನೇನ್ರಿ?"

"ಒಂದ ಹನಿ ಮುಟ್ಟೂದಿಲ್ರಿ!" ಎಂದರು ಎಲ್ಲರೂ ಒಂದೇ ಉಸಿರಿಗೆ. ಆ ಮಧ್ಯಾಹ್ನ ಆ ಬಾರಿನಲ್ಲಿ ಹುಟ್ಟಿದ ಒಂದೇ ಒಂದು ನಿಜ ಅದು. ಹೊಸಬ ಅದನ್ನೂ ಉಳಿದ ಸುಳ್ಳುಗಳ ಜೊತೆಯೇ ಇಟ್ಟುಕೊಂಡ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಒಣಮೆಣಸಿನಕಾಯಿ ಹುರಿದರು. ಕರೆಪ್ಪ ಸೀನಿದ. ಅದು ಅಂತಿಂಥ ಸೀನಲ್ಲ. ಮೇಲಿನ ಮನೆಗಳ ತಗಡು ಅಲುಗಿದವು ಎಂದು ಇಂದಿಗೂ ಹೇಳುತ್ತಾರೆ. ಹೊಸಬ ಕುರ್ಚಿ ಹಿಂದಕ್ಕೆ ಜರುಗಿಸಿ ನೇರವಾಗಿ ಅವನನ್ನೇ ಕೇಳಿದ: "ಮನ್ಯಾಗ ಯಾರ್ಯಾರ ಅದೀರಿ? ಮಗಳ ಅದಾಳಂತಲ್ಲಾ?"

ಕರೆಪ್ಪನ ಎದೆ ಸೋಡಾ ಬಾಟಲಿಯಂತೆ ಟಪ್ಪೆಂದಿತು. ಹಿಂದಿನ ವಾರವಷ್ಟೇ ಗುಡ್ಡಕ್ಕೆ ಒಂದು ಸುದ್ದಿ ಬಂದಿತ್ತು. ಎಲ್ಲಿಯೋ ಒಂದು ಬಾರಿನ ವೇಟರು ಸೀನಿದ್ದಕ್ಕೆ ಅವನ ಹೆಂಡತಿ, ಮಕ್ಕಳು, ಅತ್ತೆ, ಅತ್ತೆಯ ಕೋಳಿ ಸಮೇತ ಎಲ್ಲರನ್ನೂ ಆಂಬ್ಯುಲೆನ್ಸಿನಲ್ಲಿ ಕ್ವಾರಂಟೈನಿಗೆ ಒಯ್ದರಂತೆ. ಗುಡ್ಡ ಹತ್ತುವಷ್ಟರಲ್ಲಿ ಆ ಕೋಳಿ ಎಮ್ಮೆಯಾಗಿತ್ತು. ಲಗ್ನ ಕೂಡಿಬರುವ ಹೊತ್ತಿನಲ್ಲಿ ಕೀರ್ತಿಯನ್ನು ಹಾಗೆ ಒಯ್ದರೆ ಡಿಚೋಲಿಯವರು ಮತ್ತೆ ಈ ಕಡೆ ನೋಡುತ್ತಾರೆಯೇ?

"ಇಲ್ರಿ. ನನಗ ಮಗಳ ಇಲ್ಲ," ಎಂದ ಕರೆಪ್ಪ.

"ಮಗಳ ಎಲ್ಲಿಂದ ಬರಬೇಕ್ರಿ?" ಮಾಂತೇಶ ನೆರವಿಗೆ ಧಾವಿಸಿದ. "ಕರೆಪ್ಪಣ್ಣಂದು ಲಗ್ನನ ಆಗಿಲ್ಲ!"

ಹೊಸಬ ಸೋಡಾದ ದುಡ್ಡಿಟ್ಟು ಎದ್ದುಹೋದ. ಸರಕಾರವನ್ನೇ ಗುಡ್ಡದಿಂದ ಉರುಳಿಸಿದ ಖುಷಿಯಲ್ಲಿ ಬಾರು ಒಂದು ಗಳಿಗೆ ಅರ್ಧ ಕುರ್ಚಿಯ ನಿಯಮವನ್ನೂ ಮರೆಯಿತು.

ಮರುದಿನ ಬೆಳಿಗ್ಗೆ ಡಿಚೋಲಿಯಿಂದ ನೀಲವ್ವನ ತಮ್ಮನ ಫೋನು ಬಂತು. ಸಂಬಂಧ ತಂದವನು ಅವನೇ.

"ಮಾವಾ, ನಿನಗ ಮಗಳ ಇಲ್ಲಂತ?"

"ಯಾರ ಅಂದ್ರು?"

"ನೀನಽ ಅಂದೀಯಂತ! ನಿನ್ನ ಕೈಲೇ ಸೋಡಾ ಕುಡದ ಹೋದಾವ್ರು ಬೀಗರು, ಠಾಕಪ್ಪನವ್ರು. ಮಗಳ ಇಲ್ಲದವನ ಮಗಳನ್ನ ತೊಗೊಂಡು ನಾವೇನ ಮಾಡೂಣು ಅಂತ ಕೇಳಾಕತ್ತಾರ. ಯಾರದೋ ಹುಡುಗಿನ್ನ ತಂದು ಗಂಟ ಹಾಕಾಕ ಹೊಂಟೀರಿ ಅಂತ ಸಂಶೆ ಬಂದೈತಿ ಅವರಿಗೆ."

ಕರೆಪ್ಪ ಫೋನು ಹಿಡಿದೇ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ನೀಲವ್ವ ಬೈದ ಬೈಗುಳಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಗುಡ್ಡ ಇನ್ನಷ್ಟು ಎತ್ತರವಾಗುತ್ತಿತ್ತು. ಹೊಲಿಗೆ ಮಶಿನ್ನಿನ ಮುಂದೆ ಕೂತು ಮಾಸ್ಕು ಹೊಲಿಯುತ್ತಿದ್ದ ಕೀರ್ತಿ ಮಾತ್ರ ದಾರ ಕಡಿದು ಫೋನು ಇಸಿದುಕೊಂಡಳು.

"ಸ್ವಾದರಮಾವಾ, ಅವರಿಗೆ ಇನ್ನೊಮ್ಮೆ ಬಾ ಅನ್ನು. ಅದಽ ಬಾರಿಗೆ."

ಠಾಕಪ್ಪ ಬಂದ. ಬಾಡಿಗೆ ಮಗಳನ್ನು ತೋರಿಸಿಯಾರೆಂದು ಟೋಪಿಯನ್ನು ಇನ್ನೂ ಒಂದು ಬೆರಳು ಕೆಳಗಿಳಿಸಿಕೊಂಡೇ ಬಂದು, ಅದೇ ಮೂಲೆಯಲ್ಲಿ ಕೂತು ಮತ್ತೆ ಸೋಡಾ ತರಿಸಿಕೊಂಡ. ಅವನ ಹಿಂದೆಯೇ ಕೀರ್ತಿ ಒಳಗೆ ಬಂದಳು. ನಿಜ ಸಂಗತಿಯನ್ನು ಗಿರಾಕಿಗಳಿಗೆ ತಿಳಿಸಲು ಕರೆಪ್ಪನಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಸರಕಾರದವನನ್ನೂ ಹುಡುಗಿಯನ್ನೂ ಒಟ್ಟಿಗೆ ಕಂಡ ಮಾಂತೇಶ ಕುರ್ಚಿಯಿಂದ ಹಾರಿ ಎದ್ದ.

"ಸಾಹೇಬ್ರ, ಈ ಹುಡುಗಿ ಯಾರಂತ ನಮಗ ಗೊತ್ತಽ ಇಲ್ರಿ!"

"ಮಾಂತೇಶ ಕಾಕಾ, ನೀ ಹಾಕ್ಕೊಂಡ ಪ್ಯಾಂಟು ನಾನಽ ಹೊಲದದ್ದು," ಎಂದಳು ಕೀರ್ತಿ.

"ಪ್ಯಾಂಟು ನಂದಲ್ಲ! ಗಣಪ್ಪಂದು!"

"ನನಗ ಪ್ಯಾಂಟಽ ಇಲ್ಲ!" ಎಂದ ಗಣಪ್ಪ. ಅವನು ಲುಂಗಿಯಲ್ಲಿದ್ದುದರಿಂದ ಆ ಮಾತು ತಕ್ಕಮಟ್ಟಿಗೆ ನಿಲ್ಲುವಂತಿತ್ತು.

ಕೀರ್ತಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ! ಬಸ್ಸಿನ್ಯಾಗ ಯಾರ ಬಾಜು ಕುಂತಿದ್ದಿ ಅಂತ ದಿನಾ ಕೇಳ್ತಿ. ನನ್ನ ಚಪ್ಲಿಗೆ ಸಾಬಾಣ ಹಚ್ಚಿ ತೊಳಿತಿ. ಎರಡ ಸಲ ಕೆಮ್ಮಿದ್ರ ಇಡೀ ರಾತ್ರಿ ಬಾಗಲದಾಗ ಕುಂತ ನನ್ನ ಉಸಿರ ಕೇಳ್ತಿ. ಅಷ್ಟ ಮಾಡಾಂವ ಇಲ್ಲಿ ಬಂದು ಮಗಳಽ ಇಲ್ಲ ಅಂತೀಯೇನು?"

ಕರೆಪ್ಪ ಒರೆಸುವ ಬಟ್ಟೆಯನ್ನು ಹಿಂಡುತ್ತ ನೆಲ ನೋಡಿದ. "ಸರಕಾರದವ್ರು ನಿನ್ನ ಒಯ್ದ ಬಿಡ್ತಾರಂತ ಅಂಜಿದೆ, ಮಗಳ. ಇವ್ರು ಬೀಗರು ಅಂತ ನನಗೇನ ಗೊತ್ತು?"

"ಬೀಗರಽ?" ಎಂದು ಮಾಂತೇಶ ಮೆಲ್ಲಗೆ ಕೂತ. ಬಾಗಿಲಲ್ಲಿ ಭೂರಿಬಾಯಿಯ ತತ್ತಿಯೊಂದು ಕೈಜಾರಿ ಉರುಳಿತು.

ಠಾಕಪ್ಪ ಮಾಸ್ಕು ಇಳಿಸಿದ. ಕೆಳಗೆ ದಪ್ಪ ಮೀಸೆಯಿತ್ತು. ಮೀಸೆಯ ತುದಿ ನಗುವನ್ನು ಹಿಡಿದಿಡಲಾರದೆ ಕುಣಿಯುತ್ತಿತ್ತು. "ಆಧಾರ ಕಾರ್ಡ ತೋರ್ಸಿದ್ರೂ ನಾ ನಂಬತಿದ್ದಿಲ್ಲ. ಇಷ್ಟು ಬೈಸ್ಕೊಂಡು ತಲಿ ತಗ್ಗಿಸಿ ನಿಂತಾನಂದ್ರ, ಅಪ್ಪನಽ ಖರೇ. ಹಂಗಾರ ಕುಡಿಯೂದಿಲ್ಲ ಅಂದದ್ದೂ ಖರೇ ಇರಬೇಕು. ಕರೆಪ್ಪನವ್ರ, ಒಬ್ಬನ ಸಲುವಾಗಿ ಇಡೀ ಬಾರು ಹಿಂಗ ಸುಳ್ಳ ಹೇಳಿದ್ದು ನಾ ಎಲ್ಲೂ ನೋಡಿಲ್ಲ ಬಿಡ್ರಿ. ನಮ್ಮದು ವಿಚಾರ್ಸೂದು ಮುಗೀತು."

"ನಮ್ಮದು ಇನ್ನ ಶುರು ಆಗಿಲ್ರಿ," ಎಂದಳು ಕೀರ್ತಿ. "ಈರೇಶ ಅವರು ಎಲ್ಲಿ ಕುಂಡ್ರತಾರ, ಯಾರ ಕೂಡ ಕುಂಡ್ರತಾರ ಅಂತ ನಾವೂ ಒಂದ ಸೋಡಾ ಕುಡದ ನೋಡಬೇಕಲ್ರಿ?"

ಕರೆಪ್ಪನ ಮುಖ ಅರಳಿತು. "ನಾಳೆನ ನಾ ಹೋಗಿ ಬರ್ತೇನಿ!"

"ನೀ ಬ್ಯಾಡ. ಯಾರಾರ ಎದುರ ನಿಂತ ಕೇಳಿದ್ರ, ನನಗ ಅಳಿಯಾನೂ ಇಲ್ಲಂತ ಹೇಳಿ ಬರ್ತಿ. ಅವ್ವನ್ನ ಕರ್ಕೊಂಡು ನಾನಽ ಹೋಗ್ತೇನಿ."

ಠಾಕಪ್ಪನ ಮೀಸೆ ಕುಣಿಯುವುದನ್ನು ನಿಲ್ಲಿಸಿತು. "ಯಾವತ್ತ ಬರ್ತೀರವಾ?"

"ಹೇಳಿ ಬಂದ್ರ ಅದೆಂಥಾ ವಿಚಾರ್ಸೂದ್ರಿ, ಮಾವಾರ?"

ಠಾಕಪ್ಪ ಸೋಡಾ ಅರ್ಧಕ್ಕೇ ಬಿಟ್ಟು ಎದ್ದ. ಮಾಸ್ಕು ಏರಿಸುವುದನ್ನೂ ಮರೆತು, ರಸ್ತೆಗೆ ಇಳಿಯುವ ಮೊದಲೇ ಫೋನು ಕಿವಿಗೆ ಹಚ್ಚಿದ. "ಈರೇಶಾ, ಈಗ ಎಲ್ಲಿ ಅದಿ? ಖರೇ ಹೇಳು," ಎಂದದ್ದು ಒಳಗಿನವರಿಗೆಲ್ಲ ಕೇಳಿಸಿತು.