ಒಂದೇ ಸಲ ಒತ್ತಿದವರು

ಆ್ಯಪ್‌ನ ಸಾಲಿನಲ್ಲಿದ್ದ ಮುಂದಿನ ರೈತರಿಗೆ ಪಶುವೈದ್ಯರು ಫೋನ್ ಮಾಡಿದರೆ, ಅದು ನಾವು ನಿಂತಿದ್ದ ಕೊಟ್ಟಿಗೆಯಲ್ಲೇ ರಿಂಗಾಯಿತು. ಅದರ ಮುಂದಿನ ನಂಬರಿಗೆ ಮಾಡಿದರೆ ಅಡುಗೆಮನೆಯಲ್ಲಿ ರಿಂಗಾಯಿತು. ಚಿಕ್ಕರಸಿನಕೆರೆಯ ಆ ಮನೆಯಲ್ಲಿ ಹಸುವಿನ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿದ್ದ ಕರುವನ್ನು ಹೊರಗೆಳೆದು ಅವರು ಆಗಷ್ಟೇ ಕೈ ತೊಳೆದಿದ್ದರು.

ಅವರಿಗೆ ಆ ಆ್ಯಪ್ ಮಾಡಿಕೊಟ್ಟವಳು ನಾನು. ರೈತರು ಬಟನ್ ಒತ್ತಿದರೆ ಸಂದೇಶ ಕ್ಲೌಡ್‌ನಲ್ಲಿ ಸಾಲಾಗಿ ನಿಲ್ಲುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು ವೈದ್ಯರ ಫೋನಿಗೆ ಬರುತ್ತದೆ. ಮೆಸೇಜ್ ಕ್ಯೂ ಎನ್ನುವ ಇದನ್ನು ನಾನು ಬಳಸಿದ್ದು ಅದೇ ಮೊದಲು. ಹೇಗೆ ನಡೆಯುತ್ತದೆ ನೋಡೋಣವೆಂದು ಅವರ ಬೈಕಿನಲ್ಲಿ ಬಂದಿದ್ದೆ.

"ಒಂದ್ ಸಲ ಒತ್ತುದ್ರೆ ಯಾರವ್ವ ಬತ್ತಾರೆ? ಅದ್ಕೇ ಮನೇರೆಲ್ಲಾ ಒತ್ತುದ್ವಿ ಕಣಮ್ಮ," ಎಂದರು ಮನೆಯೊಡತಿ.

ನನ್ನ ಫೋನಿನಲ್ಲಿ ಇಡೀ ಸಾಲನ್ನು ತೆರೆದೆ. ಮುಂದಿನವೂ ಇದೇ ಮನೆಯವು. ಕಟ್ಟಕಡೆಯದೊಂದು ಮಾತ್ರ ಗೆಜ್ಜಲಗೆರೆಯದು. ಎಮ್ಮೆಗೆ ಹೊಟ್ಟೆ ಉಬ್ಬರಿಸಿದೆ, ಉಸಿರು ಸಿಗುತ್ತಿಲ್ಲ ಎಂದಿತ್ತು. ನಾವು ಇಲ್ಲಿಗೆ ಬರುವ ಮೊದಲೇ ಆ ಸಂದೇಶ ಬಂದು ನಿಂತಿತ್ತು.

ಓದಿ ಹೇಳಿದೆ. ಮನೆಯೊಡತಿಯ ದನಿ ಇಳಿಯಿತು.

"ಒಂದೇ ಸಲ ಒತ್ತವ್ರೆ. ಮನೇಲಿ ಇನ್ಯಾರೂ ಇಲ್ವೇನೋ. ಬ್ಯಾಗ ಓಗಿ ಸಾ."

ವೈದ್ಯರು ಬೈಕನ್ನು ನೇರ ಗೆಜ್ಜಲಗೆರೆಗೆ ಓಡಿಸಿದರು. ಎಮ್ಮೆ ಸ್ವಲ್ಪದರಲ್ಲಿ ಉಳಿಯಿತು.

ಒಂದು ದನಕ್ಕೆ ಎಷ್ಟು ಫೋನಿನಿಂದ ಕರೆದರೂ, ಅದರ ಕಿವಿಯ ಟ್ಯಾಗ್ ನಂಬರ್ ನೋಡಿ ಒಂದೇ ಸಂದೇಶ ನಿಲ್ಲುವಂತೆ ಈಗ ಸರಿಪಡಿಸಿದ್ದೇನೆ. ಎಲ್ಲ ಮನೆಯವರೂ ಈಗ ಒಂದೊಂದೇ ಸಂದೇಶವಾಗಿ ಕಾಣುತ್ತಾರೆ. ಅವರಲ್ಲಿ ಯಾರು ಒಂಟಿಯಾಗಿ ಕಾಯುತ್ತಿದ್ದಾರೋ ನನಗೆ ಗೊತ್ತಾಗುವುದಿಲ್ಲ.