ಚಾಕಣದ ದತ್ತು ಸ್ಪೇನಿನಲ್ಲಿ ಉಪವಾಸ ಬಿದ್ದದ್ದು

ಪುಣೆ ಬಳಿಯ ಚಾಕಣದ ಚೌಕದಲ್ಲಿ ದತ್ತುವಿನ ಫ್ಲೆಕ್ಸ್ ಏರಿದ್ದು ಶುಕ್ರವಾರ, ದತ್ತು ವಿಮಾನ ಏರಿದ್ದು ಶನಿವಾರ. ಎರಡರಲ್ಲಿ ಯಾವುದು ಹೆಚ್ಚು ಎತ್ತರದಲ್ಲಿತ್ತು ಎಂದು ಅವನ ಹೆಂಡತಿ ದುರ್ಗಾಳನ್ನು ಕೇಳಿದ್ದರೆ ಫ್ಲೆಕ್ಸ್ ಎಂದೇ ಹೇಳುತ್ತಿದ್ದಳು. ಹತ್ತಡಿ ಅಗಲದ ಆ ಫ್ಲೆಕ್ಸಿನ ಮೇಲೆ ‘ಪರದೇಶ ದೌರ್‍ಯಾಸ ಹಾರ್ದಿಕ ಶುಭೇಚ್ಛಾ’ ಎಂದು, ಅಂದರೆ ಪರದೇಶ ಪ್ರವಾಸಕ್ಕೆ ಹೃತ್ಪೂರ್ವಕ ಶುಭಾಶಯ ಎಂದು, ಮರಾಠಿಯಲ್ಲಿ ಬರೆದಿತ್ತು. ಕಾರ್ಖಾನೆಯ ಗುರುತಿನ ಚೀಟಿಯಿಂದ ತೆಗೆದ ದತ್ತುವಿನ ಮುಖಕ್ಕೆ ಫ್ಲೆಕ್ಸ್ ಅಂಗಡಿಯವನು ಯಾರೋ ಮದುಮಗನ ಕೋಟು ತೊಡಿಸಿ, ಹಿಂದೊಂದು ವಿಮಾನ ಅಂಟಿಸಿದ್ದ. ಕೆಳಗೆ ಹನ್ನೊಂದು ಜನ ಶುಭ ಕೋರುವವರ ಫೋಟೋ. ಅವರಲ್ಲಿ ಮೊದಲನೆಯವನು ಫ್ಲೆಕ್ಸ್ ಹಾಕಿಸಿದ ಗೆಳೆಯ ಈರಣ್ಣ. ಅವನ ಮುಖ ದತ್ತುವಿನ ಮುಖಕ್ಕಿಂತ ಒಂದು ಗೇಣು ದೊಡ್ಡದಾಗಿತ್ತು. ಹೊರಟವನು ಯಾರು ಎಂದು ದಾರಿಹೋಕರಿಗೆ ಅನುಮಾನ ಬಂದಿದ್ದರೆ ಅದು ಅವರ ತಪ್ಪಲ್ಲ.

ಹೊರಟವನು ದತ್ತುವೇ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕಂಡವರ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಭೀಮಣ್ಣನ ಮಗ. ಐಟಿಐ ಮುಗಿಸಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದನ್ನು ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಪ್ರೆಸ್ ಮಶೀನಿನ ಸದ್ದು ಕೇಳಿಯೇ ಅದಕ್ಕೆ ಎಲ್ಲಿ ನೋವು ಎಂದು ಹೇಳಬಲ್ಲ. ಇಂಗ್ಲಿಷಿನಲ್ಲಿ ಮಾತ್ರ ಹೇಳಲಾರ. ಅವನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದ ಹುಡುಗರು ಒಬ್ಬೊಬ್ಬರಾಗಿ ಸಾಹೇಬರಾದರು, ಆಮೇಲೆ ಬೇರೆ ಕಂಪನಿಗೆ ಹಾರಿದರು. ಈಗ ಸ್ಪೇನಿನಿಂದ ಹೊಸ ಮಶೀನು ಬರುವುದಿತ್ತು. ಅಲ್ಲಿನ ಮೆಕ್ಯಾನಿಕ್‌ಗಳ ಇಂಗ್ಲಿಷ್ ದತ್ತುವಿನ ಇಂಗ್ಲಿಷಿನಷ್ಟೇ. ಒಬ್ಬನನ್ನು ಕಳಿಸಿ ಮೂರು ತಿಂಗಳು ಅವರ ಭಾಷೆ ಕಲಿಸೋಣ, ಆದರೆ ಕಲಿತ ಮೇಲೆ ಓಡಿಹೋಗದವನಾಗಿರಬೇಕು ಎಂದು ಮೇಲಿನವರು ಯೋಚಿಸಿದರು. ಎಲ್ಲಿಗೂ ಓಡಿಹೋಗದವನು ಎಂಬ ಹುದ್ದೆಗೆ ದತ್ತುವಿಗೆ ಪ್ರತಿಸ್ಪರ್ಧಿಯೇ ಇರಲಿಲ್ಲ.

ಆ ಸುದ್ದಿ ತಂದ ಸಂಜೆ ಅವನು ಬೂಟು ಬಿಚ್ಚಿ, ಬಾಗಿಲಲ್ಲಿದ್ದ ಮನೆಯವರೆಲ್ಲರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ಇಷ್ಟು ಸಂತೋಷಪಟ್ಟದ್ದನ್ನು ದುರ್ಗಾ ನೋಡಿದ್ದೇ ಇಲ್ಲ.

ಒಂದೇ ಷರತ್ತು. ಮೊದಲ ವಾರದ ಶುಕ್ರವಾರ ಅಲ್ಲಿಯ ಶಾಲೆಯವರು ಬಾಯಿಮಾತಿನ ಪರೀಕ್ಷೆ ಮಾಡಿ ಚಾಕಣಕ್ಕೆ ವರದಿ ಕಳಿಸುತ್ತಾರೆ. ಇವನಿಂದ ಆಗದು ಎಂದು ಬರೆದರೆ ದತ್ತು ಮುಂದಿನ ವಿಮಾನಕ್ಕೆ ವಾಪಸ್, ಅವನ ಜಾಗಕ್ಕೆ ಪ್ಲ್ಯಾನಿಂಗ್ ವಿಭಾಗದ ನಿತಿನ. ನಿತಿನ ಆಗಲೇ ಪಾಸ್‌ಪೋರ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕ್ಯಾಂಟೀನಿಗೆ ಬರುತ್ತಿದ್ದನಂತೆ.

ಸೋಮವಾರ ಸಂಜೆ ಫೋನು ಬಂದಾಗ ದುರ್ಗಾ ರೊಟ್ಟಿ ಬಡಿಯುತ್ತಿದ್ದಳು. ಕಾರ್ಮಿಕರ ಎರಡು ಮೆಸ್ಸುಗಳಿಗೆ ದಿನವೂ ಜೋಳದ ರೊಟ್ಟಿ ಹೋಗುವುದು ಅವಳ ಮನೆಯಿಂದಲೇ. ಜೊತೆಗೆ ಪಕ್ಕದ ಮನೆಯ ಮುದುಕಿ ಶಿವಬಸವ್ವ. ರೊಟ್ಟಿಗಿಂತ ಮಾತು ಹೆಚ್ಚು ಬಡಿಯುವವಳು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ದತ್ತುವಿನ ಮುಖ ಮೂಡಿತು.

“ಹ್ಯಾಂಗ ಅದ ರೀ ಊರು?”

“ಊರು ಛಲೋ ಅದ. ಸಾಲಮಾಂಕಾ ಅಂತ. ನಮ್ಮ ಪುಣೆ ಪೇಟೆದವ್ರೇ ಬಂದು ಕಟ್ಟಿರಬೇಕು ನೋಡು, ಮಧ್ಯಾಹ್ನ ಆತಂದ್ರ ಎಲ್ಲಾ ಅಂಗಡಿ ಬಾಗಲಾ ಹಾಕ್ಕೊಂಡು ಮಲಗ್ತಾರ.”

“ಮತ್ತ ಸಾಲಿ?”

“ದುರ್ಗಾ, ನಾ ವಾಪಸ್ ಬಂದುಬಿಡ್ತೀನಿ. ವರ್ಗದಾಗ ಎಲ್ಲಾ ಇಪ್ಪತ್ತು ವರ್ಷದ ಹುಡುಗ್ರು. ಜರ್ಮನಿದವ್ರು, ಜಪಾನದವ್ರು. ನಡುವ ನಾ ಅವರಪ್ಪ ಫೀ ಕಟ್ಟಲಿಕ್ಕೆ ಬಂದು ಕುಂತಂಗ ಕಾಣ್ತೀನಿ. ಬಾಯಿ ತೆಗದ್ರ ಮರಾಠಿ ಬರ್ತದ.”

“ಬರ್ರಿ ಹಂಗಾರ,” ಎಂದಳು ದುರ್ಗಾ, ಕೈ ನಿಲ್ಲಿಸದೆ. “ನಿಮ್ಮ ಫ್ಲೆಕ್ಸ್ ಇನ್ನಾ ಹಂಗೇ ಅದ. ಸೀದಾ ಅದರ ಕೆಳಗೇ ರಿಕ್ಷಾ ಇಳೀರಿ. ಈರಣ್ಣ ಹಾರ ತಂದು ನಿಂದರ್ತಾನ.”

“ಇನ್ನಾ ಅದ?”

“ಅದ ರೀ. ಬಿಸಲಿಗೆ ಭಾಳ ಚಂದ ಹೊಳೀತದ.”

ದತ್ತು ಪುಸ್ತಕ ತೆಗೆಯುತ್ತೇನೆಂದು ಫೋನ್ ಇಟ್ಟ.

ಫ್ಲೆಕ್ಸ್ ಇರಲಿಲ್ಲ. ಅದೇ ದಿನ ಬೆಳಿಗ್ಗೆ ಗಿರಣಿಗೆ ಹೋದಾಗ ದುರ್ಗಾ ಕಣ್ಣಾರೆ ನೋಡಿದ್ದಳು: ದತ್ತುವಿನ ಜಾಗದಲ್ಲಿ ಊರವರೆಲ್ಲ ‘ಭಾವೂ’ ಎಂದು ಕರೆಯುವ ಪುಢಾರಿಯೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್, ಏಣಿ ಹಿಡಿದು ನಿಂತವನು ಸ್ವತಃ ಈರಣ್ಣ. “ಏನ್ ಮಾಡೂದ್ರಿ ವೈನಿ, ನಮ್ಮ ಭಾವೂ ಹುಟ್ಟೂದು ವರ್ಷಕ್ಕ ಒಮ್ಮೆ,” ಎಂದು ಅವನು ದತ್ತುವನ್ನು ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟಿದ್ದ. ದುರ್ಗಾ ಅದನ್ನು ಹಿತ್ತಲಲ್ಲಿದ್ದ ಜೋಳದ ಚೀಲಗಳಿಗೆ ಹೊದಿಸಿದ್ದಳು. ಈ ಸತ್ಯ ಗೊತ್ತಾದರೆ ಗಂಡ ಮರುದಿನವೇ ಹೊರಟು ಬರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬಂದು, ಮತ್ತೆ ಇಪ್ಪತ್ತೆರಡು ವರ್ಷ ಅದೇ ಮಶೀನಿನ ಮುಂದೆ ನಿಂತು, ತಾನು ಹೇಳಿದ್ದನ್ನು ಬೇರೆಯವರು ಹೇಳುವುದನ್ನು ಕೇಳುತ್ತಿರುತ್ತಾನೆ.

ಮಂಗಳವಾರ ದತ್ತು ಮನೆಯವರೆಲ್ಲರ ಆರೋಗ್ಯ ವಿಚಾರಿಸಿ, ಕೊನೆಗೆ “ಮತ್ತ ಫ್ಲೆಕ್ಸ್?” ಎಂದ. ಅದೂ ಆರಾಮಿದೆ ಎಂದಳು ದುರ್ಗಾ. ಬುಧವಾರ ಅವನು ಕೇಳಲಿಲ್ಲ. “ತೋರ್ಸು,” ಎಂದ.

“ಈಗ ಚೌಕಕ್ಕ ಯಾರ್ ಹೋಗ್ಬೇಕ್ರಿ, ರೊಟ್ಟಿ ಬಿಟ್ಟು?”

“ಒಂದ ಸಲ ನೋಡ್ತೀನಿ, ದುರ್ಗಾ. ನೋಡಿದ್ರ ಓದ್ಲಿಕ್ಕೆ ಧೈರ್ಯ ಬರ್ತದ.”

ದುರ್ಗಾ ಫೋನ್ ಹಿಡಿದು ಮನೆಯೊಳಗೇ ಎರಡು ಸುತ್ತು ಹಾಕಿ, ಚೌಕ ಮುಟ್ಟಿದಷ್ಟು ಹೊತ್ತಾದ ಮೇಲೆ ಹಿತ್ತಲಿಗೆ ಹೋಗಿ, ಜೋಳದ ಚೀಲದ ಮೇಲಿನ ಮುಖದ ಮುಂದೆ ಹಿಡಿದಳು.

“ಯಾಕ ಅಷ್ಟ ಹತ್ರ ತೋರಸ್ತಿ?”

“ನಿಮ್ಮ ಮಾರಿ ಕಾಣ್ಲಿ ಅಂತ.”

“ನನ್ನ ಗಲ್ಲ ಯಾಕ ಉಬ್ಬ್ಯಾದ?”

“ಗಾಳಿ ಭಾಳ ಅದ ರೀ ಇವತ್ತ.”

ಉಬ್ಬಿದ್ದು ಜೋಳದಿಂದ. ಆದರೆ ಗಲ್ಲದ ಮಾತು ಬಂದದ್ದೇ ದುರ್ಗಾಳ ಕಣ್ಣು ಚೀಲದ ಮೇಲಿನ ಗಂಡನಿಂದ ಫೋನಿನಲ್ಲಿದ್ದ ಗಂಡನ ಕಡೆಗೆ ಹೋಯಿತು. ಇಲ್ಲಿ ಗಲ್ಲ ಉಬ್ಬಿತ್ತು, ಅಲ್ಲಿ ಎರಡು ಗುಂಡಿ ಬಿದ್ದಿದ್ದವು.

“ಉಂಡೀರೇನ್ರಿ?”

“ಉಂಡೀನಿ.”

“ಏನ್ ಉಂಡೀರಿ?”

“ಊಟ.”

ಅಡುಗೆಮನೆಯಲ್ಲೇ ಬದುಕಿದವಳಿಗೆ ಅಷ್ಟು ಸಾಕಾಯಿತು. ಗದರಿದ ಮೇಲೆ ದತ್ತು ಬಾಯಿಬಿಟ್ಟ. ಅವನನ್ನು ಇಳಿಸಿದ್ದು ಪಿಲಾರ್ ಎಂಬ ಅರವತ್ತು ದಾಟಿದ ವಿಧವೆಯ ಮನೆಯಲ್ಲಿ. ಆಕೆ ಒಳ್ಳೆಯವಳು. ಇವನು ಮಾಂಸ ತಿನ್ನುವುದಿಲ್ಲವೆಂದು ಕಾಬೂಲಿ ಕಡಲೆ, ಪಾಲಕ್ ಹಾಕಿ ಬೇರೆಯೇ ಪಲ್ಯ ಮಾಡುತ್ತಿದ್ದಳು.

“ಒಂದ ಸೌಟು ಹಾಕ್ತಾಳ. ಮತ್ತ ಬೇಕೇನು ಅಂತಾಳ. ನಾ ತಾಟಿಗೆ ಕೈ ಅಡ್ಡ ಹಿಡೀತೀನಿ.”

“ಆಮ್ಯಾಲ?”

“ಆಮ್ಯಾಲ ಪಲ್ಯದ ಪಾತೇಲಿ ಒಳಗ ಹೋಗ್ತದ.”

“ಮತ್ತೊಮ್ಮೆ ಕೇಳಂಗಿಲ್ಲ?”

“ಕೇಳಂಗಿಲ್ಲ!” ದತ್ತುವಿನ ದನಿ ಅನ್ಯಾಯಕ್ಕೊಳಗಾದವನಂತೆ ನಡುಗಿತು. “ನಾಕ ದಿನ ಆತು. ಮಾತಿಗೂ ಮತ್ತೊಮ್ಮೆ ಕೇಳಂಗಿಲ್ಲ. ಸಾಲಿ ಬಿಡೂ ಹೊತ್ತಿಗೆ ಅಂಗಡಿ ಮಲಗಿರ್ತಾವ. ಸಂಜಿಗೆ ಹೊಟೇಲಿಗೆ ಹೋದ್ರ ಮ್ಯಾಲ ಸಾಲಾಗಿ ಹಂದಿ ಕಾಲು ತೂಗಹಾಕ್ಯಾರ. ಬಾಗಲ್ದಾಗಿಂದನೇ ನಮಸ್ಕಾರ ಮಾಡಿ ಬಂದೀನಿ. ಬಾಳಿಹಣ್ಣಿನ ಮ್ಯಾಲ ಅದೀನಿ.”

ನಮ್ಮ ಕಡೆ ತಟ್ಟೆಗೆ ಕೈ ಅಡ್ಡ ಹಿಡಿಯುವುದೆಂದರೆ ಬೇಡ ಎಂದಲ್ಲ. ಅದು ಮಾತುಕತೆಯ ಆರಂಭ. ಬಡಿಸುವವರು ಕೈ ಸರಿಸುತ್ತಾರೆ, ಸರಿಯದಿದ್ದರೆ ಬೆರಳಿನ ಸಂದಿಯಲ್ಲೇ ಸುರಿಯುತ್ತಾರೆ. ಎರಡನೆಯ ಸಲ ಉಣ್ಣುವವನು ತಟ್ಟೆಯ ಮೇಲೆ ಇಡೀ ಮೈ ಬಗ್ಗಿಸಿ, ಹೊಟ್ಟೆ ಒಡೆಯುತ್ತದೆ ಎಂದು ಗೋಳಾಡಬೇಕು. ಮೂರನೆಯ ಸಲ ಸೋತವನಂತೆ ಕೈ ತೆಗೆಯಬೇಕು. ನಾವೆಲ್ಲ ಹೀಗೆ ಸೋತು ಸೋತೇ ಈ ಗಾತ್ರಕ್ಕೆ ಬಂದವರು. ದತ್ತುವಿನ ದುರದೃಷ್ಟಕ್ಕೆ, ಎರಡು ತಿಂಗಳು ಫೋನಿನಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ ಅವನ ನಾಲಿಗೆಗೆ ಚೆನ್ನಾಗಿ ಹತ್ತಿದ್ದು ‘ನೋ, ಗ್ರಾಸಿಯಾಸ್’ ಒಂದೇ. ‘ಬೇಡ, ಉಪಕಾರವಾಯಿತು’ ಎಂಬ ಆ ಮಾತನ್ನು ಅವನು ಎಷ್ಟು ಸೊಗಸಾಗಿ ಹೇಳುತ್ತಿದ್ದನೆಂದರೆ, ಪಿಲಾರ್ ನಂಬಿಬಿಡುತ್ತಿದ್ದಳು. ಖಾಲಿ ಹೊಟ್ಟೆಯವನನ್ನು ಬೆಳಿಗ್ಗೆ ವರ್ಗದಲ್ಲಿ ಪಾಠದ ಮೇಡಂ ಎಬ್ಬಿಸಿ ನಿಲ್ಲಿಸಿದರೆ ಮಾತು ಎಲ್ಲಿಂದ ಬರಬೇಕು?

“ಬೇಕು ಅಂತ ಬಾಯಿ ಬಿಟ್ಟು ಅನ್ರಿ.”

“ಹೋದ ಮನ್ಯಾಗ ಬೇಕು ಅಂತಾರೇನ? ನಮ್ಮಪ್ಪ ಕೇಳಿದ್ರ ಏನಂದಾನು?”

ಗಂಡನನ್ನು ತಿದ್ದುವುದು ಹದಿನೆಂಟು ವರ್ಷದಲ್ಲಿ ಆಗದ ಕೆಲಸ. ಇನ್ನು ಎರಡು ದಿನದಲ್ಲಿ ಆಗುವಂಥದ್ದಲ್ಲ. ಅದಕ್ಕಿಂತ ಸ್ಪೇನನ್ನು ತಿದ್ದುವುದು ಸುಲಭ ಎಂದು ದುರ್ಗಾಳಿಗೆ ಅನ್ನಿಸಿತು. “ನಾಳಿ ಉಣ್ಣೂ ಹೊತ್ತಿಗೆ ಫೋನ್ ಹಚ್ಚಿ ಆ ಅವ್ವನ ಮುಂದ ಇಡ್ರಿ,” ಎಂದಳು.

ಗುರುವಾರ ಅಲ್ಲಿ ಮಧ್ಯಾಹ್ನದ ಊಟ, ಇಲ್ಲಿ ಸಂಜೆ ಆರು. ಫೋನಿನಲ್ಲಿ ಪಿಲಾರ್ ಕಾಣಿಸಿದಳು, ಬಿಳಿಯ ಗಿಡ್ಡ ಕೂದಲು, ಸರಕ್ಕೆ ಕಟ್ಟಿದ ಕನ್ನಡಕ.

“ಯವ್ವಾ, ಥೇಟ್ ನಮ್ಮ ಅಕ್ಕನಂಗ ಅದಾಳ,” ಎಂದಳು ಶಿವಬಸವ್ವ. “ಆಕಿದು ಕೂದಲ ಉದ್ದ ಅಷ್ಟ.”

ದುರ್ಗಾ ಪಿಲಾರ್‌ಗೆ ಕೈಮುಗಿದು, ಪ್ರಯೋಗ ಶುರು ಮಾಡಿದಳು. ಶಿವಬಸವ್ವ ತಟ್ಟೆಯ ಮುಂದೆ ಕುಳಿತು ಉಂಡಂತೆ ನಟಿಸಿದಳು. ದುರ್ಗಾ ಸೌಟು ತಂದಳು. ಶಿವಬಸವ್ವ ಕೈ ಅಡ್ಡ ಹಿಡಿದಳು. ದುರ್ಗಾ ಕ್ಯಾಮೆರಾ ಕಡೆ ತಿರುಗಿ ಒಂದು ಬೆರಳು ತೋರಿಸಿ, ಮತ್ತೆ ಸೌಟು ಚಾಚಿದಳು. ಶಿವಬಸವ್ವ ಎದೆ ಬಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ತಟ್ಟೆಯ ಮೇಲೆ ಕವುಚಿ ಬಿದ್ದಳು. ದುರ್ಗಾ ಎರಡು ಬೆರಳು ತೋರಿಸಿ ಮೂರನೆಯ ಸಲ ಸೌಟು ಚಾಚಿದಳು. ಶಿವಬಸವ್ವ ಮತ್ತೆ ಕೈ ಅಡ್ಡ ಹಿಡಿದಳು.

“ಚಿಗವ್ವಾ, ಮೂರನೇದಕ್ಕ ಕೈ ತೆಗೀಬೇಕು!”

“ಇರು ತಂಗಿ. ಫಾರಿನ್‌ದವ್ರು ನೋಡ್ಲತ್ತಾರ.”

ಕೊನೆಗೂ ಅವಳು ಕೈ ತೆಗೆದು, ಬಡಿಸಿದ್ದನ್ನು ತಿಂದು, ಜೋರಾಗಿ ತೇಗಿ ತೋರಿಸಿದಳು. ಅದು ಪಾಠದಲ್ಲಿ ಇರಲಿಲ್ಲ.

ಪಿಲಾರ್ ಬೆರಳು ಮಡಚಿ ಎಣಿಸುತ್ತಿದ್ದವಳು ಕನ್ನಡಕ ತೆಗೆದಳು. ದತ್ತುವನ್ನು ನೋಡಿದಳು. ಅವನ ತಟ್ಟೆ ನೋಡಿದಳು. ಆಮೇಲೆ ಉಸಿರು ಬಿಡದೆ ಏನೇನೋ ಅಂದಳು. ಅರ್ಥವಾಗದಿದ್ದರೂ ಬೈಗುಳದ ಧಾಟಿ ದುರ್ಗಾಳಿಗೆ ತಿಳಿಯಿತು, ತಾನೂ ಹಾಗೆಯೇ ಬೈಯುವವಳಲ್ಲವೆ. ಪಾತೇಲಿ ಬಂತು. ದತ್ತುವಿನ ಕೈ ತಾನಾಗಿಯೇ ಅಡ್ಡ ಹೋಯಿತು. ಪಿಲಾರ್ ಆ ಕೈಯನ್ನು ಬೆಕ್ಕಿನ ಮರಿಯನ್ನು ಎತ್ತಿದಂತೆ ಮಣಿಕಟ್ಟು ಹಿಡಿದು ಎತ್ತಿ ಪಕ್ಕಕ್ಕಿಟ್ಟು, ಸೌಟು ಬಗ್ಗಿಸಿದಳು. ಒಂದು, ಎರಡು, ಮೂರು.

ಎರಡು ದೇಶದ ಮೂರು ಜನ ಹೆಂಗಸರು ಒಬ್ಬ ಗಂಡಸು ಉಣ್ಣುವುದನ್ನು ನೋಡುತ್ತಾ ನಿಂತರು. ಹಂಚಿನ ಮೇಲೆ ರೊಟ್ಟಿ ಸೀದದ್ದು ದುರ್ಗಾಳಿಗೆ ಗೊತ್ತೇ ಆಗಲಿಲ್ಲ.

ಶುಕ್ರವಾರ ಫೋನ್ ತಡವಾಯಿತು. ಇನ್ನೂ ನಾಲ್ಕು ರೊಟ್ಟಿ ಸೀದವು. ಕೊನೆಗೆ ಬಂದಾಗ ದತ್ತುವಿನ ಬಾಯಿ ತುಂಬಿತ್ತು.

“ಏನಾತ್ರಿ?”

ಅವನು ನುಂಗಿದ. “ಇಲ್ಲೇ ಇರು ಅಂದ್ರು.”

ಮೇಡಂ ಪರೀಕ್ಷೆಯಲ್ಲಿ ನಿಮ್ಮೂರಿನ ಬಗ್ಗೆ ಏನಾದರೂ ಹೇಳಿ ಎಂದಿದ್ದರಂತೆ. ದತ್ತು ಎದ್ದು ನಿಂತು, ಜಪಾನಿನ ಹುಡುಗಿಯನ್ನು ಊಟಕ್ಕೆ ಕೂರಿಸಿ, ಅವಳ ನೋಟುಬುಕ್ಕನ್ನು ತಟ್ಟೆ ಮಾಡಿ, ನೀರಿನ ಬಾಟಲಿ ಹಿಡಿದು ಬಡಿಸಲು ಹೊರಟ. ಶಬ್ದ ಸಿಕ್ಕಲ್ಲಿ ಶಬ್ದ, ಸಿಗದಲ್ಲಿ ಶಿವಬಸವ್ವನ ಅಭಿನಯ. ಹತ್ತು ನಿಮಿಷ ಮರಾಠಿ ಒಂದು ಮಾತೂ ಬರಲಿಲ್ಲ. ಖರೇ ಬೇಡದಿದ್ದರೆ ಏನು ಮಾಡುತ್ತೀರಿ ಎಂದು ಜರ್ಮನಿಯ ಹುಡುಗನೊಬ್ಬ ಕೇಳಿದನಂತೆ. ದತ್ತು ಯೋಚಿಸಿ, ಅದಕ್ಕೆ ನಮ್ಮಲ್ಲಿ ಉಪಾಯವಿಲ್ಲ ಎಂದನಂತೆ. ಮೇಡಂ ಕಣ್ಣೊರೆಸಿಕೊಂಡು ನಗುತ್ತಲೇ ವರದಿ ಬರೆದರು.

“ದುರ್ಗಾ, ಇನ್ನ ಆ ಫ್ಲೆಕ್ಸ್ ಇಳಸ್ಲಿಕ್ಕೆ ಹೇಳು ಈರಣ್ಣಗ. ವಾರ ಆತು, ಮಂದಿ ಏನಂದಾರು.”

ಅಷ್ಟರಲ್ಲಿ ಅವನ ಭುಜದ ಹಿಂದಿನಿಂದ ಸೌಟು ಕಾಣಿಸಿತು. “ಬ್ಯಾಡ್ರೀ ಅವ್ವಾ! ಖರೇನ ಬ್ಯಾಡ್ರೀ!” ಎಂದು ದತ್ತು ಅಚ್ಚ ಕನ್ನಡದಲ್ಲಿ ಕೂಗಿ ತಟ್ಟೆಯ ಮೇಲೆ ಬಗ್ಗಿದ. ಪಿಲಾರ್ ಕ್ಯಾಮೆರಾಕ್ಕೆ ಎರಡು ಬೆರಳು ತೋರಿಸಿ ಕಣ್ಣು ಮಿಟುಕಿಸಿದಳು.

“ಈಗಿಂದೀಗ ಇಳಸ್ತೀನ್ರಿ,” ಎಂದು ದುರ್ಗಾ ಫೋನ್ ಇಟ್ಟಳು.

ಹೇಳಿದ ಮಾತು ಸುಳ್ಳಾಗಬಾರದೆಂದು ಹಿತ್ತಲಿಗೆ ಹೋಗಿ, ಜೋಳದ ಚೀಲಗಳ ಮೇಲಿನಿಂದ ಗಂಡನನ್ನು ಇಳಿಸಿದಳು. ಮಡಚುವ ಮುಂಚೆ ಅವನ ಗಲ್ಲದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಈರಣ್ಣನ ಮಾರಿನೂ ಒರಸು, ಪಾಪ,” ಎಂದಳು ಶಿವಬಸವ್ವ ಬಾಗಿಲಿನಿಂದ.

“ಅವ ಹಂಗೇ ಇರ್ಲಿ ಬಿಡ ಚಿಗವ್ವಾ,” ಎಂದು ದುರ್ಗಾ ಮಡಚಿದಳು.